ಬಾಯಿಬಿಟ್ಟು ಯೋಚಿಸಿ: ದೊಡ್ಡ ಟೆಕ್ ಕಂಪನಿಯ ಇಂಟರ್‌ವ್ಯೂಗೆ ಹೊರಟ ಕಾಪುವಿನ ಓದುಗರಿಗೆ

ಪ್ರಶ್ನೆ: ನಾನು ಕಾಪು ಹತ್ತಿರದವಳು. ಮಂಗಳೂರಿನ ಒಂದು ಐಟಿ ಸರ್ವಿಸ್ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಜಾವಾ ಕೆಲಸ ಮಾಡುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಮನೆಯಲ್ಲಿ ತುಳು. ಓದಿದ್ದು ಎನ್‌ಐಟಿಕೆಯಲ್ಲೂ ಅಲ್ಲ, ಮಣಿಪಾಲದಲ್ಲೂ ಅಲ್ಲ, ಊರ ಹತ್ತಿರದ ಸಾಧಾರಣ ಕಾಲೇಜಿನಲ್ಲಿ. ಹೋದ ವಾರ ಬೆಂಗಳೂರಿನಿಂದ ಒಂದು ದೊಡ್ಡ ಟೆಕ್ ಕಂಪನಿಯ ರಿಕ್ರೂಟರ್ ಫೋನ್ ಮಾಡಿದರು. ಜುಲೈ ಕೊನೆಗೆ ಇಂಟರ್‌ವ್ಯೂ, ಇನ್ನು ಆರು ವಾರ ಇದೆ. ಲೀಟ್‌ಕೋಡ್ ಎಂಬ ಕೋಡಿಂಗ್ ಅಭ್ಯಾಸದ ವೆಬ್‌ಸೈಟ್‌ನಲ್ಲಿ ನೂರೈವತ್ತು ಲೆಕ್ಕ ಮಾಡಿದ್ದೇನೆ. ಆದರೂ ಎದುರಿಗೆ ಯಾರಾದರೂ ಕೂತರೆ ತಲೆ ಖಾಲಿಯಾಗುತ್ತದೆ. ಮಾಡಿದ ಕೆಲಸದ ಬಗ್ಗೆ ಹೇಳಿ ಅಂದರೆ "ನಮ್ಮ ಟೀಮ್ ಒಂದು ಬ್ಯಾಚ್ ಜಾಬ್ ಸುಧಾರಿಸಿತು" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ (ಬ್ಯಾಚ್ ಜಾಬ್ ಎಂದರೆ ಒಂದಷ್ಟು ಡೇಟಾವನ್ನು ಒಟ್ಟಿಗೆ ತಾನಾಗಿ ಓಡಿ ಮುಗಿಸುವ ಪ್ರೋಗ್ರಾಂ). ಅಲ್ಲಿನ ಕೆಲಸ ನಿಜಕ್ಕೂ ಹೇಗಿರುತ್ತದೆ? ಅಪ್ಪ, "ಇದ್ದ ಕೆಲಸ ಬಿಟ್ಟು ಹೋಗಿ ನಾಳೆ ಅಲ್ಲಿ ತೆಗೆದುಹಾಕಿದರೆ?" ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾಲೇಜಿನ ವಿಷಯ ಮೊದಲು ಮುಗಿಸಿಬಿಡೋಣ, ಅದಕ್ಕಾಗಿ ನೀವು ಸುಮ್ನೆ ನಿದ್ದೆ ಕೆಡಿಸಿಕೊಂಡಿದ್ದೀರಿ. ಕಾಲೇಜಿನ ಹೆಸರು ಲೆಕ್ಕಕ್ಕೆ ಬರುವುದು ರಿಕ್ರೂಟರ್ ರೆಸ್ಯೂಮೆ ಆರಿಸುವಾಗ. ಆ ಬಾಗಿಲು ನೀವು ದಾಟಿ ಆಯಿತು. ನಾಲ್ಕು ವರ್ಷ ಕೆಲಸ ಮಾಡಿದವರನ್ನು ಕೋಡಿಂಗ್ ರೌಂಡಿನಲ್ಲಿ ಕೂರಿಸಿಕೊಂಡು "ಎಲ್ಲಿ ಓದಿದ್ದು?" ಎಂದು ಕೇಳುವವರು ತೀರಾ ಕಡಿಮೆ. ನಮ್ಮ ಊರಿಗೂ ಸಾಫ್ಟ್‌ವೇರ್ ಹೊಸದೇನಲ್ಲ. 1995ರಲ್ಲಿ ಇನ್ಫೋಸಿಸ್ ಮಂಗಳೂರಿಗೆ ಬಂತು, 1996ರಲ್ಲಿ ಉಡುಪಿಯಲ್ಲೇ ರೋಬೋಸಾಫ್ಟ್ ಶುರುವಾಯಿತು. ಇಲ್ಲಿಂದ ಹೋದವರು ಇವತ್ತು ಆ ದೊಡ್ಡ ಕಂಪನಿಗಳಲ್ಲಿ ಇಂಟರ್‌ವ್ಯೂ ಮಾಡುವ ಜಾಗದಲ್ಲೂ ಇದ್ದಾರೆ.

ನಾನೂ ಅವರಲ್ಲಿ ಒಬ್ಬ. ಉಡುಪಿಯವನು. ಹದಿನೇಳು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಅದರಲ್ಲಿ ಒಂಬತ್ತು ವರ್ಷ ಇಂಥದ್ದೇ ಒಂದು ದೊಡ್ಡ ಕಂಪನಿಯಲ್ಲಿ. ಇನ್ನೂರಕ್ಕಿಂತ ಜಾಸ್ತಿ ಜನರನ್ನು ಇಂಟರ್‌ವ್ಯೂ ಮಾಡಿದ್ದೇನೆ. ಅದಕ್ಕೂ ಮೊದಲು ಒಂದು ಕಡೆ ಸೋತು ಬಂದಿದ್ದೆ. ಆ ಸೋಲಿನ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ.

ಇಂಟರ್‌ವ್ಯೂ ಮಾಡುವವರು ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದರು. ನಾನು ಬೋರ್ಡಿಗೆ ಮುಖ ಮಾಡಿ ನಿಂತೆ. ಇಪ್ಪತ್ತೈದು ನಿಮಿಷ ಒಂದು ಮಾತೂ ಆಡಲಿಲ್ಲ. ಕೋಡ್ ಬರೆದೆ, ಸರಿಯಾಗಿಯೇ ಬರೆದೆ, "ಮುಗಿಯಿತು ಸರ್" ಎಂದೆ. ಮೂರು ದಿನದ ಮೇಲೆ ಇಲ್ಲ ಎಂದು ಉತ್ತರ ಬಂತು. ಉತ್ತರ ಸರಿ ಇದ್ದರೂ ಯಾಕೆ ಇಲ್ಲ ಎಂದರು ಎಂದು ವರ್ಷಗಟ್ಟಲೆ ಕೊರಗಿದ್ದೆ. ಆಮೇಲೆ ಒಂದು ದಿನ ಮೇಜಿನ ಆಚೆ ನಾನು ಕೂತಿದ್ದೆ. ಎದುರಿಗೆ ನಮ್ಮ ಕಡೆಯ ಒಬ್ಬ ಹುಡುಗ, ಥೇಟ್ ನನ್ನ ಹಾಗೆಯೇ ಮೌನವಾಗಿ ಬರೆದು ಮುಗಿಸಿದ. ಅವನು ಹೋದ ಮೇಲೆ ವರದಿ ಬರೆಯಲು ಕೂತೆ. "ಕೋಡ್ ಸರಿ ಇದೆ" ಎಂಬ ಒಂದು ಸಾಲಿನ ನಂತರ ನನ್ನ ಕೈ ಓಡಲಿಲ್ಲ. ಬರೆಯಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಇಡೀ ವಿಷಯದ ಗುಟ್ಟು ಆ ವರದಿಯಲ್ಲಿದೆ. ದೊಡ್ಡ ಕಂಪನಿಗಳಲ್ಲಿ ನಿಮ್ಮನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದವರು ಒಬ್ಬರೇ ತೀರ್ಮಾನ ಮಾಡುವುದಿಲ್ಲ. ಅವರು ಇಂಟರ್‌ವ್ಯೂ ಹೊತ್ತಿನಲ್ಲೇ ಟೈಪ್ ಮಾಡುತ್ತಾ ಇರುತ್ತಾರೆ, ಮುಗಿದ ಮೇಲೆ ಅದನ್ನು ವರದಿ ಮಾಡಿ ಕಳಿಸುತ್ತಾರೆ. ಗೂಗಲ್‌ನಲ್ಲಿ ಆ ವರದಿಗಳೆಲ್ಲ ಹೈರಿಂಗ್ ಕಮಿಟಿಗೆ ಹೋಗುತ್ತವೆ. ಆ ಕಮಿಟಿಯವರು ನಿಮ್ಮ ಮುಖ ನೋಡಿರುವುದಿಲ್ಲ. ಅಮೆಜಾನ್‌ನಲ್ಲಿ ಬಾರ್ ರೈಸರ್ ಎಂದು ಬೇರೆ ತಂಡದ ಒಬ್ಬರು ಇರುತ್ತಾರೆ. ತಂಡಕ್ಕೆ ಎಷ್ಟೇ ಅವಸರ ಇದ್ದರೂ ಅವರು ಬೇಡ ಎಂದರೆ ಬೇಡವೇ. ಅಂದರೆ ನಿಮ್ಮನ್ನು ನೋಡದವರ ಮುಂದೆ ನಿಮ್ಮ ಪರವಾಗಿ ಮಾತಾಡುವುದು ಆ ಕಾಗದ. ನೀವು ಬಾಯಿಬಿಟ್ಟು ಹೇಳಿದ್ದು ಮಾತ್ರ ಅದರೊಳಗೆ ಹೋಗುತ್ತದೆ.

ಎದುರಿಗೆ ಯಾರಾದರೂ ಕೂತರೆ ತಲೆ ಖಾಲಿ ಎಂದಿರಲ್ಲ, ಅದು ತಲೆ ಖಾಲಿಯಾಗುವುದಲ್ಲ. ಮನಸ್ಸಿನೊಳಗೆ ಪೂರ್ತಿ ಉತ್ತರ ತಯಾರಾಗುವವರೆಗೆ ಬಾಯಿ ತೆರೆಯಬಾರದು ಎಂದು ನಮಗೆ ಶಾಲೆಯಿಂದಲೇ ಅಭ್ಯಾಸವಾಗಿದೆ. ಈ ಆರು ವಾರದಲ್ಲಿ ನೀವು ಬಿಡಬೇಕಾದದ್ದು ಅದೊಂದನ್ನೇ.

ಹೇಗೆ ಎಂದು ಒಂದು ಲೆಕ್ಕ ಹಿಡಿದು ತೋರಿಸುತ್ತೇನೆ. ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ನಿಮಗೆ ಗೊತ್ತು. ಟೈಮ್ ಕೀಪರ್ ಪುಸ್ತಕ ಹಿಡಿದು ನಿಂತಿರುತ್ತಾರೆ, ಒಂದು ನಿಮಿಷ ತಡವಾದರೂ ಹಿಂದಿನ ಬಸ್ಸಿನವರು ಹಾರ್ನ್ ಹೊಡೆಯುತ್ತಾರೆ. ಈಗ ಪ್ರಶ್ನೆ ಇದು: ಪ್ರತಿ ಬಸ್ ಬರುವ ಹೊತ್ತು, ಹೊರಡುವ ಹೊತ್ತು ಕೊಟ್ಟಿದ್ದೇವೆ. ಯಾವ ಬಸ್ಸೂ ಹೊರಗೆ ಕಾಯದ ಹಾಗೆ ಕಡಿಮೆ ಅಂದರೆ ಎಷ್ಟು ನಿಲುಗಡೆ ಬೇಕು? ಮೀಟಿಂಗ್ ರೂಮು, ರೈಲ್ವೆ ಪ್ಲಾಟ್‌ಫಾರ್ಮ್ ಎಂದು ಬೇರೆ ಬೇರೆ ವೇಷದಲ್ಲಿ ಇದೇ ಲೆಕ್ಕ ಎಷ್ಟೋ ಕಡೆ ಬರುತ್ತದೆ.

ಮೌನವಾಗಿ ಬರೆಯುವವರು ಸೀದಾ ಕೋಡ್‌ಗೆ ಇಳಿಯುತ್ತಾರೆ. ನೀವು ಮೊದಲು ಒಂದು ಚಿಕ್ಕ ಉದಾಹರಣೆ ಮಾಡಿ. ಮೂರೇ ಬಸ್ ಸಾಕು. ಒಂದು 9:00ಕ್ಕೆ ಬಂದು 9:10ಕ್ಕೆ ಹೊರಡುತ್ತದೆ. ಇನ್ನೊಂದು 9:05ಕ್ಕೆ ಬಂದು 9:20ಕ್ಕೆ. ಮೂರನೆಯದು 9:10ಕ್ಕೆ ಬಂದು 9:25ಕ್ಕೆ. ಈಗ ಕೇಳಿ: "9:10ಕ್ಕೆ ಒಂದು ಹೊರಡುತ್ತದೆ, ಅದೇ ನಿಮಿಷಕ್ಕೆ ಇನ್ನೊಂದು ಬರುತ್ತದೆ. ಬರುವ ಬಸ್ಸಿಗೆ ಅದೇ ಜಾಗ ಸಿಗುತ್ತದಾ?" ಸಿಗುತ್ತದೆ ಅಂದರೆ ಉತ್ತರ ಎರಡು. ಸಿಗುವುದಿಲ್ಲ ಅಂದರೆ ಮೂರು. ಪ್ರಶ್ನೆಯಲ್ಲಿ ಅದನ್ನು ಬೇಕೆಂದೇ ಹೇಳಿರುವುದಿಲ್ಲ. ಆ ಸಂದೇಹವನ್ನು ನೀವಾಗಿ ಹುಡುಕಿ ಕೇಳಿದ ಕೂಡಲೇ ಎದುರಿನವರ ವರದಿಗೆ ಒಂದು ಒಳ್ಳೆಯ ಸಾಲು ಬಿತ್ತು. ಇನ್ನೂ ಒಂದು ಸಾಲು ಕೋಡ್ ಬರೆದಿಲ್ಲ ನೀವು.

ಆಮೇಲೆ ಸುಲಭದ ದಾರಿ ಹೇಳಿ: "ಪ್ರತಿ ಬಸ್ಸು ಬರುವ ಹೊತ್ತಿಗೆ ಒಳಗೆ ಎಷ್ಟು ಬಸ್ ಇವೆ ಎಂದು ಎಲ್ಲವನ್ನೂ ಎಣಿಸಬಹುದು. ಸರಿಯಾದ ಉತ್ತರ ಬರುತ್ತದೆ, ಆದರೆ ಬಸ್ ಹೆಚ್ಚಾದರೆ ನಿಧಾನ." ನಿಧಾನದ ದಾರಿ ಹೇಳಲು ಸಂಕೋಚ ಬೇಡ. ಅದು ಕೈಯಲ್ಲಿದ್ದರೆ ಮುಂದಿನದನ್ನು ಅದರ ಜೊತೆ ಇಟ್ಟು ಪರೀಕ್ಷೆ ಮಾಡಬಹುದು. ಈಗ ಟೈಮ್ ಕೀಪರ್ ಜಾಗದಲ್ಲಿ ನಿಂತು ನೋಡಿ. ಅವರಿಗೆ ಯಾವ ಬಸ್ ಎನ್ನುವುದು ಮುಖ್ಯವಲ್ಲ. ಒಂದು ಬಂತು, ಕೂಡಿಸು ಒಂದು. ಒಂದು ಹೋಯಿತು, ಕಳೆ ಒಂದು. ಬರುವ, ಹೋಗುವ ಹೊತ್ತುಗಳನ್ನೆಲ್ಲ ಒಟ್ಟಿಗೆ ಹೊತ್ತಿನ ಕ್ರಮದಲ್ಲಿ ಜೋಡಿಸಿ ಎಣಿಸುತ್ತಾ ಹೋದರೆ, ಎಣಿಕೆ ಮುಟ್ಟಿದ ಅತಿ ದೊಡ್ಡ ಸಂಖ್ಯೆಯೇ ಉತ್ತರ. ಒಂದೇ ನಿಮಿಷಕ್ಕೆ ಎರಡೂ ಇದ್ದರೆ ಹೋಗುವುದನ್ನು ಮೊದಲು ಇಡಬೇಕೋ ಬರುವುದನ್ನೋ ಎಂಬುದು ನೀವು ಆಗಲೇ ಕೇಳಿದ ಪ್ರಶ್ನೆಯ ಮೇಲೆ ನಿಂತಿದೆ. ಜೋಡಿಸುವ ಖರ್ಚು ಎನ್ ಲಾಗ್ ಎನ್, ಅಂದರೆ ಬಸ್ ಹೆಚ್ಚಾದರೂ ಬೇಕಾಗುವ ಸಮಯ ವಿಪರೀತ ಏರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೂ ಪಾಸ್. ಆದರೆ ಒಳ್ಳೆಯವರು ಇನ್ನೊಂದು ಹೆಜ್ಜೆ ಇಡುತ್ತಾರೆ: "ಇದು ಒಂದೇ ದಿನದ ಪಟ್ಟಿ ಅಲ್ವಾ? ದಿನಕ್ಕೆ 1440 ನಿಮಿಷ ಮಾತ್ರ. 1440 ಮನೆಗಳ ಒಂದು ಅರೇ ಇಟ್ಟು, ಬಂದ ನಿಮಿಷಕ್ಕೆ ಒಂದು ಕೂಡಿಸಿ, ಹೋದ ನಿಮಿಷಕ್ಕೆ ಒಂದು ಕಳೆದು, ಒಂದು ಸಲ ಉದ್ದಕ್ಕೆ ನಡೆದರೆ ಸಾಕು. ಜೋಡಿಸುವುದೇ ಬೇಡ. ಆದರೆ ರಾತ್ರಿ ಹನ್ನೆರಡು ದಾಟಿ ನಿಲ್ಲುವ ಬಸ್ ಇದೆಯಾ?" ಈ ಮಾತು ಆಡಿದವರನ್ನು ಬೇಡ ಎನ್ನಲು ನನಗೆ ಯಾವತ್ತೂ ಮನಸ್ಸು ಬಂದಿಲ್ಲ. ಅದು ಬಾಯಿಪಾಠದಿಂದ ಬರುವ ಮಾತಲ್ಲ.

ಆದ್ದರಿಂದ ಹೊಸ ಲೆಕ್ಕಗಳನ್ನು ಕೂಡಿಹಾಕುವುದು ನಿಲ್ಲಿಸಿ. ಮಾಡಿದ ನೂರೈವತ್ತರಲ್ಲಿ ನಲವತ್ತು ಆರಿಸಿಕೊಳ್ಳಿ. ದಿನಕ್ಕೆ ಒಂದೊಂದನ್ನು ಫೋನ್ ರೆಕಾರ್ಡರ್ ಹಾಕಿಕೊಂಡು ಬಾಯಿಬಿಟ್ಟು ಮಾಡಿ. ಮೊದಲ ವಾರ ತುಳುವಿನಲ್ಲೇ ಮಾತಾಡಿ. ಇದು ನಾನು ಹಲವರಿಗೆ ಹೇಳಿಕೊಟ್ಟ ಉಪಾಯ. ಯೋಚನೆ ಮತ್ತು ಇಂಗ್ಲಿಷು ಎರಡೂ ಒಟ್ಟಿಗೆ ಹೊರಬರಬೇಕು ಎಂದು ಹಟ ಹಿಡಿದರೆ ಎರಡೂ ಒಳಗೇ ಸಿಕ್ಕಿಹಾಕಿಕೊಳ್ಳುತ್ತವೆ. ತುಳುವಿನಲ್ಲಿ ಮಾತಿನ ಜೊತೆ ಯೋಚಿಸುವ ಅಭ್ಯಾಸ ಬಂದ ಮೇಲೆ ಎರಡನೇ ವಾರ ಇಂಗ್ಲಿಷಿಗೆ ಬನ್ನಿ. ಚಿಕ್ಕ ಚಿಕ್ಕ ವಾಕ್ಯ ಸಾಕು. ವ್ಯಾಕರಣ ತಪ್ಪಿದ್ದಕ್ಕೆ ಯಾರನ್ನಾದರೂ ಕೈಬಿಟ್ಟದ್ದು ನನಗೆ ನೆನಪಿಲ್ಲ. ಮೂರನೇ ವಾರದಿಂದ ಗೆಳತಿಯನ್ನೋ ಸಹೋದ್ಯೋಗಿಯನ್ನೋ ಎದುರಿಗೆ ಕೂರಿಸಿಕೊಳ್ಳಿ. ನಲವತ್ತೈದು ನಿಮಿಷ ಗಡಿಯಾರ ನೋಡಿ ಮಾಡಿ.

ನಾಲ್ಕು ವರ್ಷದ ಅನುಭವಕ್ಕೆ ಸಿಸ್ಟಮ್ ಡಿಸೈನ್ ರೌಂಡ್, ಅಂದರೆ ಒಂದು ದೊಡ್ಡ ಸಾಫ್ಟ್‌ವೇರನ್ನು ಹೇಗೆ ಕಟ್ಟುತ್ತೀರಿ ಎಂದು ಕೇಳುವ ಸುತ್ತು, ಒಂದು ಇರಬಹುದು. ಇದೆಯಾ ಎಂದು ರಿಕ್ರೂಟರ್ ಹತ್ತಿರ ನೇರವಾಗಿ ಕೇಳಿ, ಅವರು ಹೇಳುತ್ತಾರೆ. ಅಲ್ಲೂ ಇದೇ ರೀತಿ: ಎಷ್ಟು ಜನ ಬಳಸುತ್ತಾರೆ, ಡೇಟಾ ಓದುವುದು ಜಾಸ್ತಿಯೋ ಬರೆಯುವುದೋ, ಒಂದು ಸರ್ವರ್ ಬಿದ್ದರೆ ಏನು ಎಂದು ಮೊದಲು ಕೇಳಿ, ಆಮೇಲೆ ಸಿಸ್ಟಮ್‌ನ ಭಾಗಗಳಿಗೆ ಚೌಕ ಬರೆಯಿರಿ.

ಇನ್ನು ನಿಮ್ಮ "ನಮ್ಮ ಟೀಮ್ ಒಂದು ಬ್ಯಾಚ್ ಜಾಬ್ ಸುಧಾರಿಸಿತು" ಎನ್ನುವ ವಾಕ್ಯ. ಅದನ್ನು ಓದಿದಾಗ ನನಗೆ ನಮ್ಮ ಮನೆಯೇ ನೆನಪಾಯಿತು. ನಮ್ಮ ಕಡೆ ನಾನು, ನಾನು ಎಂದರೆ ಜಂಬ ಎನ್ನುತ್ತಾರೆ. ಮನೆಯಲ್ಲಿ ಅದು ಒಳ್ಳೆಯ ಗುಣವೇ. ಆದರೆ ಇಂಟರ್‌ವ್ಯೂನಲ್ಲಿ "ನಾವು" ಎಂದರೆ ಬರೆದುಕೊಳ್ಳುವವರಿಗೆ ನೀವು ಎಲ್ಲಿದ್ದಿರಿ ಎಂದೇ ಗೊತ್ತಾಗುವುದಿಲ್ಲ. ನೀವು ಮಾಡಿದ್ದಕ್ಕೆ ನಾನು, ಎಲ್ಲರೂ ಮಾಡಿದ್ದಕ್ಕೆ ನಾವು ಎಂದರೆ ಅದು ಜಂಬ ಆಗುವುದಿಲ್ಲ, ಲೆಕ್ಕ ಸರಿಯಾಗಿ ಒಪ್ಪಿಸಿದ ಹಾಗೆ ಆಗುತ್ತದೆ.

ನೀವು ನನ್ನ ಎದುರಿಗೆ ಕೂತಿದ್ದರೆ ನಾನು ಕೇಳುತ್ತಿದ್ದುದು ಇಷ್ಟು. ಆ ಜಾಬ್ ಎಷ್ಟು ಹೊತ್ತು ಓಡುತ್ತಿತ್ತು? ತಡವಾದರೆ ಬೆಳಿಗ್ಗೆ ಯಾರಿಗೆ ತೊಂದರೆ? ನಿಧಾನ ಎಲ್ಲಿ ಎಂದು ಕಂಡುಹಿಡಿದದ್ದು ಯಾರು, ಹೇಗೆ? ಲಾಗ್ ನೋಡಿದಿರಾ, ಕ್ವೆರಿ ಪ್ಲಾನ್ (ಡೇಟಾಬೇಸ್ ಉತ್ತರ ಹುಡುಕುವ ದಾರಿ) ನೋಡಿದಿರಾ? ಬೇರೆ ದಾರಿ ಇದ್ದವಾ, ಯಾಕೆ ಬಿಟ್ಟಿರಿ? ಯಾರಾದರೂ ಬೇಡ ಎಂದರಾ, ಅವರನ್ನು ಹೇಗೆ ಒಪ್ಪಿಸಿದಿರಿ? ಕೊನೆಗೆ ಎಷ್ಟು ಹೊತ್ತಿಗೆ ಇಳಿಯಿತು? ಈಗ ಮತ್ತೆ ಮಾಡುವುದಾದರೆ ಏನು ಬದಲಿಸುತ್ತೀರಿ? ಇವತ್ತು ರಾತ್ರಿಯೇ ಕೂತು ಇದಕ್ಕೆಲ್ಲ ಉತ್ತರ ಬರೆಯಿರಿ. ಒಂದು ಪುಟ ಆಗುತ್ತದೆ. ನಾಲ್ಕು ವರ್ಷದಲ್ಲಿ ಇಂಥ ಆರು ಕಥೆ ನಿಮ್ಮ ಹತ್ತಿರ ಖಂಡಿತ ಇವೆ: ಒಂದು ಜಗಳ, ಒಂದು ತಪ್ಪು, ಒಂದು ಡೆಡ್‌ಲೈನ್, ಒಬ್ಬರಿಗೆ ಕಲಿಸಿದ್ದು, ಹೀಗೆ. ಅಮೆಜಾನ್‌ನಲ್ಲಿ ಲೀಡರ್‌ಶಿಪ್ ಪ್ರಿನ್ಸಿಪಲ್ಸ್ ಎಂದು 16 ಇವೆ. 14 ಇದ್ದವು, 2021ರಲ್ಲಿ ಎರಡು ಸೇರಿದವು. ಅಲ್ಲಿನ ಪ್ರಶ್ನೆಗಳು ಬಹುಪಾಲು ಅದರ ಸುತ್ತಲೇ ಇರುತ್ತವೆ. ಹದಿನಾರಕ್ಕೆ ಹದಿನಾರು ಕಥೆ ಕಟ್ಟಬೇಡಿ. ನಿಜವಾದ ಆರು ಕಥೆ ಬೇರೆ ಬೇರೆ ಕಡೆಯಿಂದ ಹೇಳಲು ಬಂದರೆ ಸಾಕು.

ತಪ್ಪಿನ ಕಥೆ ಹೇಳಲು ಎಲ್ಲರೂ ಹೆದರುತ್ತಾರೆ. ಅದಕ್ಕೆ ಅಲ್ಲಿನ ಕೆಲಸ ಹೇಗಿರುತ್ತದೆ ಎಂಬ ನಿಮ್ಮ ಇನ್ನೊಂದು ಪ್ರಶ್ನೆಯ ಜೊತೆಗೇ ಉತ್ತರ ಹೇಳುತ್ತೇನೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಎಂಬ ಸ್ಟೋರೇಜ್ ಸೇವೆ ಅಮೆರಿಕದ ಒಂದು ಭಾಗದಲ್ಲಿ ಸುಮಾರು ನಾಲ್ಕು ಗಂಟೆ ಕೆಟ್ಟು ನಿಂತಿತು. ಅದನ್ನು ನಂಬಿದ್ದ ಎಷ್ಟೋ ವೆಬ್‌ಸೈಟ್‌ಗಳು ಜೊತೆಗೇ ಬಿದ್ದವು. ಕಾರಣ ಏನು? ಕೆಲವು ಸರ್ವರ್ ತೆಗೆಯಲು ಕಮಾಂಡ್ ಕೊಟ್ಟವರು ಒಂದು ಕಡೆ ತಪ್ಪಾಗಿ ಟೈಪ್ ಮಾಡಿದರು, ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸರ್ವರ್ ಹೋದವು. ಕಂಪನಿ ಇದನ್ನು ತಾನೇ ಎಲ್ಲರಿಗೂ ಕಾಣುವ ಹಾಗೆ ಬರೆದು ಪ್ರಕಟಿಸಿತು. ಅದರಲ್ಲಿ ಆ ವ್ಯಕ್ತಿಯ ಹೆಸರಿಲ್ಲ, ಬೈಗುಳವೂ ಇಲ್ಲ. ಆ ಟೂಲ್ ಅಷ್ಟೊಂದನ್ನು ಒಂದೇ ಸಲ ತೆಗೆಯಲು ಬಿಟ್ಟದ್ದೇ ತಪ್ಪು ಎಂದು ಹೇಳಿ ಅದನ್ನು ಸರಿಮಾಡಿದರು. ಒಳ್ಳೆಯ ತಂಡಗಳಲ್ಲಿ ಕೆಲಸ ನಡೆಯುವುದು ಹೀಗೆ. ಹಾಗಾಗಿ ನಿಮ್ಮ ತಪ್ಪಿನ ಬಗ್ಗೆ ಕೇಳುವಾಗ ಅವರು ಹುಡುಕುವುದು ಮುಚ್ಚಿಡದೆ ಹೇಳುತ್ತೀರಾ, ಮತ್ತೆ ಆಗದ ಹಾಗೆ ಏನು ಮಾಡಿದಿರಿ ಎಂಬುದನ್ನು.

ಮೊದಲ ಆರು ತಿಂಗಳು ಕೋಡ್ ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಗೂಗಲ್‌ನವರೇ ಪ್ರಕಟಿಸಿದ ಲೆಕ್ಕದ ಪ್ರಕಾರ 2015ರ ಹೊತ್ತಿಗೆ ಅವರ ಒಂದೇ ಕೋಡ್ ಭಂಡಾರದಲ್ಲಿ ಸುಮಾರು 200 ಕೋಟಿ ಸಾಲು ಇದ್ದವು. ಅಂಥ ಕಡೆ ನೀವು ಬದಲಿಸಿದ ಇಪ್ಪತ್ತು ಸಾಲಿನ ಮೇಲೆ ಸಹೋದ್ಯೋಗಿಗಳು ಮಾಡುವ ರಿವ್ಯೂನಲ್ಲಿ ಮೂವತ್ತು ಕಾಮೆಂಟ್ ಬರುತ್ತವೆ. ಅಳು ಬರುತ್ತದೆ. ಬೇಜಾರು ಮಾಡಬೇಡಿ, ಎಲ್ಲರಿಗೂ ಹಾಗೇ. ಕ್ಲೈಂಟ್ ಹೇಳಿದ್ದನ್ನು ಮಾಡಿ ಮುಗಿಸುವ ಅಭ್ಯಾಸದಿಂದ ಹೋದವರಿಗೆ ಇನ್ನೊಂದು ಕಷ್ಟ ಇದೆ: ಏನು ಮಾಡಬೇಕು ಎಂದು ಯಾರೂ ಹೇಳುವುದಿಲ್ಲ. ನೀವೇ ಸಮಸ್ಯೆ ಹುಡುಕಿ, ಡಿಸೈನ್ ಡಾಕ್ಯುಮೆಂಟ್ ಬರೆದು, ನಾಲ್ಕು ಜನರನ್ನು ಒಪ್ಪಿಸಬೇಕು. ಆನ್‌ಕಾಲ್ ವಾರ, ಅಂದರೆ ಸಿಸ್ಟಮ್ ಕೆಟ್ಟರೆ ನೀವೇ ಎದ್ದು ನೋಡಬೇಕಾದ ಸರದಿ, ಬಂದಾಗ ರಾತ್ರಿ ಎರಡಕ್ಕೂ ಫೋನ್ ಹೊಡೆದುಕೊಳ್ಳುತ್ತದೆ. ಅದು ಎಷ್ಟು ವಾರಕ್ಕೊಮ್ಮೆ, ಒಂದು ವಾರದಲ್ಲಿ ಎಷ್ಟು ಸಲ ಏಳಬೇಕಾಗುತ್ತದೆ ಎಂದು ಇಂಟರ್‌ವ್ಯೂ ಕೊನೆಯಲ್ಲಿ ನೀವೇ ಕೇಳಿ. ಆ ಉತ್ತರದಿಂದ ತಂಡದ ಆರೋಗ್ಯ ತಿಳಿಯುತ್ತದೆ. ಇಷ್ಟೆಲ್ಲ ಇದ್ದರೂ ನಾನು ಹೋಗಿ ಎಂದೇ ಹೇಳುತ್ತೇನೆ. ಆ ಮೂವತ್ತು ಕಾಮೆಂಟ್‌ಗಳಿಂದ ನಾನು ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ.

ಸಂಬಳದ ಬಗ್ಗೆ ಒಂದೆರಡು ಮಾತು. ಆಫರ್ ಪತ್ರದ ದೊಡ್ಡ ಅಂಕಿಯಲ್ಲಿ ಒಂದು ಪಾಲು ಶೇರು. ಅದು ಒಂದೇ ಸಲ ಕೈಗೆ ಬರುವುದಿಲ್ಲ. ಅಮೆಜಾನ್‌ನ ಹಳೆಯ ಪದ್ಧತಿಯಲ್ಲಿ ಮೊದಲ ವರ್ಷ ಶೇಕಡ 5, ಎರಡನೇ ವರ್ಷ 15, ಆಮೇಲಿನ ಎರಡು ವರ್ಷ ತಲಾ 40. ಬೇರೆ ಕಂಪನಿಗಳದು ಬೇರೆ ರೀತಿ. ಶೇರು ಕೈಗೆ ಬಂದ ದಿನವೇ ಅದರ ಬೆಲೆ ಸಂಬಳ ಎಂದು ಲೆಕ್ಕವಾಗಿ ತೆರಿಗೆ ಬೀಳುತ್ತದೆ. ವಿದೇಶದ ಶೇರು ಆದ್ದರಿಂದ ಆದಾಯ ತೆರಿಗೆ ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ (ವಿದೇಶದ ಆಸ್ತಿಯ ಪಟ್ಟಿ) ತುಂಬಬೇಕು. ಜಾಯಿನಿಂಗ್ ಬೋನಸ್ ಇದ್ದರೆ, ಎಷ್ಟು ದಿನದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಎಂಬ ಸಾಲನ್ನು ಓದದೆ ಸಹಿ ಹಾಕಬೇಡಿ.

ನಿಮ್ಮ ಅಪ್ಪ ಹೇಳುವುದು ಸುಳ್ಳಲ್ಲ. 2023ರ ಜನವರಿ ಒಂದೇ ತಿಂಗಳಲ್ಲಿ ಗೂಗಲ್ 12,000 ಜನರನ್ನು, ಮೈಕ್ರೋಸಾಫ್ಟ್ 10,000 ಜನರನ್ನು ತೆಗೆಯುವುದಾಗಿ ಹೇಳಿದವು. ಒಳ್ಳೆಯ ಕೆಲಸಗಾರರೂ ಹೋದರು. ಅದಕ್ಕೆ ಅವರ ಮಾತನ್ನು ತಳ್ಳಿಹಾಕದೆ ಲೆಕ್ಕ ತೋರಿಸಿ. ಮೊದಲ ವರ್ಷವೇ ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಬೇರೆ ಇಡುತ್ತೇನೆ, ಕೈಯಲ್ಲಿ ಲಿಖಿತ ಆಫರ್ ಬರುವವರೆಗೆ ರಾಜೀನಾಮೆ ಕೊಡುವುದಿಲ್ಲ, ಶೇರಿನ ದುಡ್ಡು ನಂಬಿ ಸಾಲ ಮಾಡುವುದಿಲ್ಲ ಎಂದು ಹೇಳಿ. ನೋಟಿಸ್ ಪೀರಿಯಡ್ ಮೂರು ತಿಂಗಳಿದ್ದರೆ ಅದನ್ನು ರಿಕ್ರೂಟರ್‌ಗೆ ಈಗಲೇ ತಿಳಿಸಿ. ಈ ಸಲ ಆಗದಿದ್ದರೆ ಎಂಬುದನ್ನೂ ಅಪ್ಪನ ಹತ್ತಿರ ಮಾತಾಡಿಟ್ಟುಕೊಳ್ಳಿ. ಸ್ವಲ್ಪ ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಲು ಈ ಕಂಪನಿಗಳು ಬಿಡುತ್ತವೆ. ಎರಡನೇ, ಮೂರನೇ ಸಲಕ್ಕೆ ಒಳಗೆ ಬಂದವರು ನನ್ನ ತಂಡದಲ್ಲೇ ಇದ್ದರು.

ಕೊನೆಗೆ ಮಳೆಯ ವಿಷಯ. ನಿಮ್ಮದು ಜುಲೈ. ವಿಡಿಯೋ ರೌಂಡ್ ಮನೆಯಿಂದ ಮಾಡುವುದಾದರೆ ತಗಡು ಶೀಟು ಹಾಕಿದ ಕಡೆ ಕೂರಬೇಡಿ. ಒಂದು ಜೋರು ಮಳೆ ಬಂದರೆ ನೀವು ಬಾಯಿಬಿಟ್ಟು ಆಡಿದ ಒಂದು ಮಾತೂ ಆಚೆಗೆ ಕೇಳುವುದಿಲ್ಲ. ಇನ್ವರ್ಟರ್ ಇರುವ ಮನೆ, ಬೇರೆ ಕಂಪನಿಯ ಸಿಮ್ ಹಾಕಿದ ಎರಡನೇ ಫೋನು, ತಂತಿ ಇರುವ ಹೆಡ್‌ಸೆಟ್, ಇಷ್ಟು ತಯಾರಿಡಿ. ಕರೆಂಟು ಹೋಗಬಹುದು ಎಂದು ರಿಕ್ರೂಟರ್‌ಗೆ ಮೊದಲೇ ಒಂದು ಮೆಸೇಜ್ ಹಾಕಿ, ಅದರಿಂದ ಯಾರೂ ನಿಮ್ಮನ್ನು ಕೆಟ್ಟದಾಗಿ ನೋಡುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಸ್ಕ್ರೀನ್ ಇಟ್ಟು ಎಐ ಹತ್ತಿರ ಉತ್ತರ ಕೇಳುವ ಯೋಚನೆ ಯಾರಾದರೂ ಕೊಟ್ಟರೆ ಕೇಳಬೇಡಿ. ಕಣ್ಣು ಓಡುವ ರೀತಿಯಲ್ಲೇ ಗೊತ್ತಾಗುತ್ತದೆ. ಅದೇ ಕಾರಣಕ್ಕೆ ಈಗ ಕನಿಷ್ಠ ಒಂದು ರೌಂಡ್ ಎದುರುಬದುರು ಕೂರಿಸಿ ಮಾಡುವುದು ಮತ್ತೆ ಹೆಚ್ಚಾಗಿದೆ. ಹಾಗಾಗಿ ನಿಮ್ಮನ್ನೂ ಬೆಂಗಳೂರಿಗೆ ಕರೆದಾರು. ಕರೆದರೆ ಹಿಂದಿನ ರಾತ್ರಿಯ ಬಸ್ ನಂಬಬೇಡಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಯಾವಾಗ ಜರಿಯುತ್ತದೆ ಎಂದು ಹೇಳಲಾಗದು. ಒಂದು ದಿನ ಮೊದಲೇ ಹೋಗಿ, ಪರಿಚಯದವರ ಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ತಿಂಡಿ ತಿಂದು ಹೊರಡಿ.